ತಪ್ಪು ಮಡಿಕೆ

ಮತ್ರಾ ಸೂಕಿನ ಮೂರನೇ ತಿರುವಿನಲ್ಲಿ
ಭಟ್ಕಳದ ಇಲ್ಯಾಸ್ ದಾಮ್ದಾರ ಅತ್ತರಿನ ಅಂಗಡಿ.
ಮಡಿಲಲ್ಲಿ ಅವರ ಬಲಗೈ ಬೆರಳು ತಮ್ಮಷ್ಟಕ್ಕೆ ಉರುಳುವುದು ಕಂಡು
ತಸ್ಬಿ ಎಣಿಸುತ್ತಿದ್ದಾರೆ ಅಂದುಕೊಂಡರು ಗಿರಾಕಿಗಳು,
ಎರಡು ರಂಜಾನು ಕಳೆಯುವ ತನಕ.
ಮಣಿ ಇರಲಿಲ್ಲ. ದಾರ ಇರಲಿಲ್ಲ.
ಸೆಕೆಂಡಿಗೆ ಐದು ಸಲ
ಇಲ್ಲದ ಮಣಿಯೊಂದು ಜಾರುತ್ತಿತ್ತು.

‘ಸೀಸೆ ಎತ್ತಿದರೆ ನಿಲ್ಲುತ್ತದೆ ನೋಡಿ ವಿಲ್ಮಾಬಾಯಿ,
ಕೆಲಸ ಕೊಟ್ಟರೆ ಮಾತ್ರ ಸುಮ್ಮನಿರುವ ಪೋಕರಿ ಹುಡುಗ.’

ನಾನು ರುವಿಯ ಆಸ್ಪತ್ರೆಯಲ್ಲಿ
ಗಾಜಿನ ಮೇಲೆ ಮನುಷ್ಯರ ತೆಳು ತೆಳು ಹೋಳಿಟ್ಟು
ಬಣ್ಣ ಹಾಕುವವಳು. ಡಾಕ್ಟರಲ್ಲ.
ಡಾಕ್ಟರು ಈಜಿಪ್ಟಿನವರು, ಅರಬ್ಬಿಯಲ್ಲಿ ಅವಸರದಿಂದ ಹೇಳಿ ಮುಗಿಸಿದ್ದನ್ನು
ಶುಕ್ರವಾರ ಸಂಜೆ, ಒಂದು ಸುಲೈಮಾನಿ ಚಹಾಕ್ಕೆ,
ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಪಾಲಿಗೆ ಬಂತು.

ಪ್ರೊಟೀನು ಅಂದರೆ ಇಲ್ಲಿ ಮೊಟ್ಟೆ ಬೇಳೆ ಅಲ್ಲ ಸಾಯಬ್ರೆ,
ಒಂದು ದಾರ. ಆಲ್ಫಾ ಸಿನ್ಯೂಕ್ಲಿನ್ ಅಂತ ಹೆಸರು.
ನರದ ತುದಿಯಲ್ಲಿ, ಸುದ್ದಿ ಹೊರುವ ಸಣ್ಣ ಸಣ್ಣ ಚೀಲಗಳ ಬಳಿ
ಸಡಿಲವಾಗಿ ಓಡಾಡಿಕೊಂಡಿರಬೇಕಾದದ್ದು.
ಒಂದು ದಿನ ಯಾಕೋ ಒಂದು ದಾರ ತನ್ನ ಮೇಲೆ ತಾನೇ ಮಡಚಿ
ಗಂಜಿ ಹಾಕಿದ ಬಟ್ಟೆಯಂತೆ ಸೆಟೆದು ನಿಲ್ಲುತ್ತದೆ.
ಪಕ್ಕದ್ದು ಅದನ್ನು ನೋಡಿ ಹಾಗೇ ಮಡಚಿಕೊಳ್ಳುತ್ತದೆ.
ಅದರ ಪಕ್ಕದ್ದೂ.

‘ಮುಸಲ್ಲಾ ಮಡಚಿದ ಹಾಗೆ?’
ಹೌದು. ಆದರೆ ಬಿಡಿಸಲು ಬಾರದ ಮಡಿಕೆ.

ಕಸ ಒಯ್ಯುವ ಗಾಡಿ ಜೀವಕೋಶದಲ್ಲೂ ಉಂಟು,
ಅದರ ಚಕ್ರಕ್ಕೇ ಈ ಗಂಟು ಸಿಕ್ಕಿಕೊಳ್ಳುತ್ತದೆ.
ಒಳಗಿನ ಜನರೇಟರುಗಳು, ಮೈಟೊಕಾಂಡ್ರಿಯಾ,
ಹೊಗೆ ಕಾರುತ್ತವೆ, ಮಿಣುಕುತ್ತವೆ, ನಿಲ್ಲುತ್ತವೆ.
ಯಾವುದು ಮೊದಲು? ಗಂಟೋ, ಗಾಡಿಯೋ, ಹೊಗೆಯೋ?
ಅದನ್ನು ಯಾರೂ ಖಡಾಖಂಡಿತ ಹೇಳಿಲ್ಲ,
ನಾನು ಹೇಗೆ ಹೇಳಲಿ.

ಮಿದುಳಿನ ಬುಡದಲ್ಲಿ ಒಂದು ಕಪ್ಪು ಪಟ್ಟಿ ಇರುತ್ತದೆ.
ಡೋಪಮಿನ್ ಮಾಡುವ ಕೋಶಗಳು ವರ್ಷಗಟ್ಟಲೆ ದುಡಿದು
ಒಳಗೇ ಕೂಡಿಟ್ಟುಕೊಂಡ ಮಸಿ ಅದು, ಬರಿಗಣ್ಣಿಗೇ ಕಾಣುತ್ತದೆ.
ಈ ರೋಗದವರಲ್ಲಿ ಅದು ಬೆಳ್ಳಗಾಗಿರುತ್ತದೆ,
ತೊಳೆದು ತೊಳೆದು ಬಿಳಿಚಿದ ಅಬಾಯಾದ ಅಂಚಿನಂತೆ.
ಕೈ ನಡುಗುವ ಹೊತ್ತಿಗೆ ಅರ್ಧದಷ್ಟು ಹೋಗಿಯೇ ಆಗಿರುತ್ತದೆ.
ಎಷ್ಟೋ ಜನರಿಗೆ ಮೊದಲು ಹೋಗುವುದು ಕೈಯಲ್ಲ—

ಇಲ್ಲಿ ನಾನು ನಿಲ್ಲಿಸಿದೆ. ಅವರೇ ಹೇಳಿದರು:
‘ವಾಸನೆ. ಒಂಬತ್ತು ವರ್ಷ ಆಯಿತು.
ಏಸಿಯ ಶೀತ ಅಂದುಕೊಂಡೆ, ಯಾರಿಗೂ ಹೇಳಲಿಲ್ಲ.
ಅತ್ತರಿನವನಿಗೆ ಮೂಗಿಲ್ಲ ಅಂತ ಸೂಕಿನಲ್ಲಿ ಡಂಗುರ ಹೊಡೆಯಲೋ?
ಹೊಗೆಯ ಬಣ್ಣ ನೋಡಿ ದರ ಹೇಳುತ್ತೇನೆ,
ಗಿರಾಕಿಯ ಹುಬ್ಬು ನೋಡಿ ಬೆರೆಸುತ್ತೇನೆ.’

ಒಂದು ಚೂರು ಊದ್ ನನ್ನ ಅಂಗೈಗಿಟ್ಟರು. ಕಲ್ಲಿನಂತೆ ಭಾರ.
‘ಒಳ್ಳೆಯ ಮರಕ್ಕೆ ಏನೂ ಪರಿಮಳ ಇಲ್ಲ ಬಾಯಿ.
ಗಾಯವಾಗಿ, ಬೂಷ್ಟು ಹಿಡಿದು, ಅದನ್ನು ತಡೆಯಲು ಮರ
ಒಳಗೊಳಗೇ ಸುರಿಸಿದ ಕಪ್ಪು ಅಂಟು ಇದು.
ರೋಗ ಬಂದು ಮರ ಕಪ್ಪಾದರೆ ತೊಲಕ್ಕೆ ಇಷ್ಟು ರಿಯಾಲು.
ನನಗೆ ರೋಗ ಬಂದು ಬೆಳ್ಳಗಾಯಿತು.
ಇದಕ್ಕೆ ಯಾವ ತಕ್ಕಡಿ?’

ನನ್ನಲ್ಲಿ ಉತ್ತರ ಇರಲಿಲ್ಲ.
ಚಹಾದ ಲೋಟದ ತಳದಲ್ಲಿ ಪುದೀನ ಅಂಟಿಕೊಂಡಿತ್ತು.

ಆಮೇಲೆ ಅವರು ಹಳೆಯ ಸೀಸೆಯೊಂದರ ಬಿರಡೆ ತೆಗೆದು
ನನ್ನ ಮಣಿಕಟ್ಟಿಗೆ ಒಂದು ಹನಿ ಬಿಟ್ಟರು,
ಒಂದೇ ಒಂದು. ಕೈ ಅಲುಗಲಿಲ್ಲ.
‘ಮೂಸಿ. ಹೇಗಿದೆ ಹೇಳಿ.’

ಹದಿನಾಲ್ಕು ವರ್ಷ ಫಾರ್ಮಲಿನ್ ಕುಡಿದ ಮೂಗು ನನ್ನದು.
ಆದರೂ ಎಲ್ಲೋ ಒಂದೆಳೆ ಬಂತು:
ಒದ್ದೆ ತೊಗಟೆ, ಸ್ವಲ್ಪ ಬೆಲ್ಲ, ಉಪ್ಪು ಹತ್ತಿದ ಹಗ್ಗ,
ಕುದುರೆಯ ಬೆವರು ಅಂದರೂ ಆದೀತು.
ಇದ್ದುದಷ್ಟನ್ನೂ ಹೇಳಿದೆ. ಇಲ್ಲದ್ದನ್ನು ಸೇರಿಸಲಿಲ್ಲ.
ಅವರು ಕಣ್ಣು ಮುಚ್ಚಿ ಕೇಳಿದರು.
‘ಹಗ್ಗ ಅಂದಿರಲ್ಲ, ಸರಿ. ಅದು ಇರಬೇಕು.’

ಹೊರಗೆ ಮಗ್ರಿಬಿನ ಬಾಂಗು.
ಐದು ಬಾಂಗಿಗೆ ಐದು ಮಾತ್ರೆ, ಇದು ನಾಲ್ಕನೆಯದು.
ಸೀಸೆ ಕೆಳಗಿಟ್ಟರು.
ಕೈ ಮತ್ತೆ ಮಡಿಲಿಗೆ ಹೋಗಿ
ಬಿಟ್ಟಲ್ಲಿಂದಲೇ ಎಣಿಸತೊಡಗಿತು.